ಪಂಚಾಂಗ ತಪ್ಪಿದ ಗದ್ದೆಗಳು

ಗದ್ದೆಯಲ್ಲಿ ತೆನೆ ಬಾಗಿ ನಿಂತಿದ್ದರೆ ಅದು ಭತ್ತ. ಗಿರಣಿಯಿಂದ ಹೊರಬಂದರೆ ಅಕ್ಕಿ. ಬೆಂದು ತಟ್ಟೆಗೆ ಬಂದರೆ ಅನ್ನ. ಒಂದೇ ಕಾಳಿಗೆ ಮೂರು ಹೆಸರಿಟ್ಟುಕೊಂಡು ಬದುಕುವ ಜನ ನಾವು. ಇಂಡೊನೇಷ್ಯದವರೂ ಹೀಗೆಯೇ. ಗದ್ದೆಯಲ್ಲಿರುವುದು ಅವರಿಗೆ ‘ಪಾದಿ’, ಮೂಟೆಯಲ್ಲಿರುವುದು ‘ಬೆರಾಸ್’, ತಟ್ಟೆಯಲ್ಲಿರುವುದು ‘ನಾಸಿ’. ಇಂಗ್ಲಿಷಿನವರು ಭತ್ತಕ್ಕೆ ‘ಪ್ಯಾಡಿ’ ಎನ್ನುತ್ತಾರಲ್ಲ, ಆ ಮಾತು ಅವರಿಗೆ ಸಿಕ್ಕಿದ್ದು ಮಲಯ್ ಭಾಷೆಯ ಇದೇ ಪಾದಿಯಿಂದ.

ಆ ದೇಶದ ಬಾಲಿ ದ್ವೀಪದಲ್ಲಿ ಬೆಳಿಗ್ಗೆ ಅನ್ನವಾದೊಡನೆ ಮನೆಯವರು ಉಣ್ಣಲು ಕೂರುವುದಿಲ್ಲ. ಬಾಳೆಲೆಯ ಪುಟ್ಟ ಚೂರುಗಳ ಮೇಲೆ ಚಿಟಿಕೆ ಚಿಟಿಕೆ ಅನ್ನ ಇಟ್ಟು, ಒಂದನ್ನು ಒಲೆಯ ಬಳಿ, ಒಂದನ್ನು ನೀರಿನ ಬಳಿ, ಒಂದನ್ನು ಮನೆಯಂಗಳದ ಗುಡಿಯ ಮುಂದೆ, ಒಂದನ್ನು ಬಾಗಿಲ ಹೊರಗೆ ಇಟ್ಟು ಬರುತ್ತಾರೆ. ಇರುವೆ, ಗುಬ್ಬಿ, ಬೀದಿ ನಾಯಿ ಅದನ್ನು ತಿಂದರೆ ಯಾರೂ ಅಟ್ಟುವುದಿಲ್ಲ. ಆಮೇಲೆ ಮನೆಯವರ ಊಟ. ಈ ವಾರ ಆ ಚಿಟಿಕೆ ಅನ್ನದ ಜಾಡು ಹಿಡಿದು ಹೊರಡೋಣ. ಮನೆಯಿಂದ ಗದ್ದೆಗೆ, ಗದ್ದೆಯಿಂದ ಕಾಲುವೆಗೆ, ಕಾಲುವೆಯಿಂದ ಬೆಟ್ಟದ ತುದಿಯ ಒಂದು ದೇವಸ್ಥಾನಕ್ಕೆ. ಅಲ್ಲಿಗೆ ಹೋದವರಿಗೆ, ದೇಶದ ದೊಡ್ಡ ದೊಡ್ಡ ತಜ್ಞರು ಒಮ್ಮೆ ಹೇಗೆ ಎಡವಿದರು ಎಂಬುದೂ ತಿಳಿಯುತ್ತದೆ.

ನಕ್ಷೆ ತೆಗೆದು ನೋಡಿ. ಜಾವಾ ದ್ವೀಪದ ಪೂರ್ವಕ್ಕೆ, ಭೂಮಧ್ಯರೇಖೆಯಿಂದ 8 ಡಿಗ್ರಿ ದಕ್ಷಿಣಕ್ಕೆ ಬಾಲಿ ಕಾಣುತ್ತದೆ. ವಿಸ್ತೀರ್ಣ ಸುಮಾರು 5,780 ಚದರ ಕಿಲೋಮೀಟರ್. ನಮ್ಮ ಮಂಡ್ಯ ಜಿಲ್ಲೆಗಿಂತ ತುಸು ದೊಡ್ಡದು, ಹಾಸನಕ್ಕಿಂತ ಚಿಕ್ಕದು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 43 ಲಕ್ಷ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾದ ಇಂಡೊನೇಷ್ಯದಲ್ಲಿ ಬಾಲಿಯ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಹಿಂದೂಗಳು. ತಮ್ಮ ಧರ್ಮಕ್ಕೆ ಅವರಿಟ್ಟ ಹೆಸರುಗಳಲ್ಲಿ ಒಂದು ‘ಆಗಮ ತೀರ್ಥ’. ತೀರ್ಥದ ಧರ್ಮ, ಅಂದರೆ ನೀರಿನ ಧರ್ಮ. ಹೆಸರು ಸುಮ್ಮನೆ ಬಂದದ್ದಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಬಾಲಿಯ ನಡುಬೆನ್ನೆಲ್ಲ ಜ್ವಾಲಾಮುಖಿಗಳು. ಅವುಗಳಲ್ಲಿ ಎತ್ತರದ್ದು ಸುಮಾರು 3,000 ಮೀಟರಿನ ಅಗುಂಗ್. ಅದು 1963ರಲ್ಲಿ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೊಂದ ಬೆಟ್ಟವೇ ಸಾಕುವುದೂ ಉಂಟು. ಬೂದಿಯಿಂದ ಆದ ಮಣ್ಣು ಬಹಳ ಫಲವತ್ತಾದುದು. ಆದರೆ ಹೊಳೆಗಳು ಈ ಮೆದು ಕಲ್ಲನ್ನು ಕೊರೆದು ಆಳವಾದ ಕಮರಿಗಳಲ್ಲಿ ಹರಿಯುತ್ತವೆ. ನೀರು ಕೆಳಗೆ, ಗದ್ದೆ ಮೇಲೆ. ಇದಕ್ಕೆ ಬಾಲಿಯ ರೈತರು ಕಂಡುಕೊಂಡ ಉಪಾಯ, ಹೊಳೆಯ ಮೇಲ್ಭಾಗದಲ್ಲೆಲ್ಲೋ ಒಂದು ಚಿಕ್ಕ ಒಡ್ಡು ಕಟ್ಟಿ, ಅಲ್ಲಿಂದ ಗುಡ್ಡದೊಳಗೆ ಸುರಂಗ ಕೊರೆದು, ದೂರದ ಇಳಿಜಾರಿಗೆ ನೀರು ತರುವುದು. ಸುರಂಗ ತೋಡುವ ಕಸುಬಿನವರ ಪ್ರಸ್ತಾಪ 9ನೇ ಶತಮಾನದ ಅಂತ್ಯದ ಶಾಸನದಲ್ಲೇ ಇದೆ. ಹೀಗೆ ಬಂದ ನೀರು ಮೆಟ್ಟಿಲು ಮೆಟ್ಟಿಲಾದ ಗದ್ದೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತ ಸಮುದ್ರದ ಕಡೆಗೆ ಹೋಗುತ್ತದೆ.

ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಗಳ ಒಡೆಯರೆಲ್ಲ ಸೇರಿದರೆ ಅದು ಒಂದು ‘ಸುಬಾಕ್’. 11ನೇ ಶತಮಾನದ ಶಾಸನಗಳಲ್ಲಿ ಈ ಹೆಸರಿನ ಹಳೆಯ ರೂಪ ಕಾಣುತ್ತದೆ. ಇಂದಿಗೂ ದ್ವೀಪದಲ್ಲಿ ಸುಮಾರು 1,200 ಸುಬಾಕ್‌ಗಳಿವೆ. ಒಂದೊಂದರಲ್ಲಿ 50ರಿಂದ 400 ರೈತರು. ಅದರ ಮುಖ್ಯಸ್ಥ ‘ಪೆಕಾಸೆಹ್’. ನಮ್ಮ ಕೆರೆಗಳ ನೀರುಗಂಟಿಯ ಕೆಲಸ, ಪಂಚಾಯಿತಿಯ ಅಧ್ಯಕ್ಷನ ಕೆಲಸ ಎರಡೂ ಅವನ ಹೆಗಲಿಗೆ. ಕಾಲುವೆ ಕವಲೊಡೆಯುವ ಕಡೆ ಅಡ್ಡಲಾಗಿ ಮರದ ದಿಮ್ಮಿ ಹಾಕಿ, ಅದರಲ್ಲಿ ಅಳತೆಯ ಕಚ್ಚುಗಳನ್ನು ಕೆತ್ತಿರುತ್ತಾರೆ. ನೀರು ಹೆಚ್ಚಿರಲಿ, ಕಡಿಮೆ ಇರಲಿ, ಕಚ್ಚಿನ ಅಗಲಕ್ಕೆ ತಕ್ಕ ಪಾಲು ತಾನೇ ಹರಿದುಹೋಗುತ್ತದೆ. ಬೀಗ ಬೇಡ, ಕಾವಲುಗಾರ ಬೇಡ. ಹಾದಿಯಲ್ಲಿ ಹೋಗುವ ಯಾರು ಬೇಕಾದರೂ ನೋಡಿ ಲೆಕ್ಕ ಹಾಕಬಹುದು. ಸುಬಾಕ್ ಸಭೆಯಲ್ಲಿ ಜಾತಿಯ ಹೆಚ್ಚುಗಾರಿಕೆ ನಡೆಯುವುದಿಲ್ಲ. ಕಾಲುವೆಯ ಹೂಳೆತ್ತಲು ಬರದವನು ಯಾರೇ ಆಗಲಿ, ದಂಡ ತೆರಬೇಕು.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ಸಹಕಾರ ಸಂಘ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಪ್ರತಿ ಒಡ್ಡಿನ ಬಳಿಯೂ ಒಂದು ಗುಡಿ ಇದೆ. ಕಾಲುವೆ ಗದ್ದೆಗೆ ಇಳಿಯುವ ತಲೆಯಲ್ಲಿ ಇನ್ನೊಂದು. ನೀರು ಮೊದಲು ಹೊಕ್ಕುವ ಮೂಲೆಯಲ್ಲಿ ಪ್ರತಿ ರೈತನಿಗೂ ಒಂದು ಪುಟ್ಟ ಪೂಜಾ ಸ್ಥಾನ, ಅಲ್ಲಿ ಭತ್ತದ ದೇವತೆ ದೇವಿ ಶ್ರೀಗೆ ಹೂವು. ಹತ್ತಾರು ಸುಬಾಕ್‌ಗಳು ಕೂಡಿ ನಡೆಸುವ ದೊಡ್ಡ ಗುಡಿಗೆ ‘ಪುರ ಮಸ್ಚೇತಿ’ ಎಂದು ಹೆಸರು. (ಬಾಲಿಯಲ್ಲಿ ಪುರ ಎಂದರೆ ಊರಲ್ಲ, ದೇವಸ್ಥಾನ.) ಇವೆಲ್ಲಕ್ಕೂ ಮೇಲೆ, ಬಾತುರ್ ಜ್ವಾಲಾಮುಖಿಯ ಕುಳಿಯಲ್ಲಿರುವ ಸರೋವರದ ಒಡತಿ ‘ದೇವಿ ದಾನು’ವಿನ ದೇವಸ್ಥಾನ. ದಾನು ಎಂದರೆ ಸರೋವರ. ಆ ಸರೋವರದಿಂದ ಕಣ್ಣಿಗೆ ಕಾಣುವಂತೆ ಒಂದು ಹೊಳೆಯೂ ಹೊರಡುವುದಿಲ್ಲ. ಆದರೂ ಕೆಳಗಿನ ಬುಗ್ಗೆಗಳಿಗೆಲ್ಲ ಅದೇ ತವರು ಎಂದು ರೈತರು ನಂಬುತ್ತಾರೆ. 1926ರಲ್ಲಿ ಲಾವಾ ಹರಿದು ಬಾತುರ್ ಗ್ರಾಮವನ್ನೂ ದೇವಸ್ಥಾನವನ್ನೂ ನುಂಗಿದಾಗ, ಜನ ಕುಳಿಯ ಅಂಚಿಗೆ ಹತ್ತಿ ಅಲ್ಲಿ ದೇವಿಗೆ ಮತ್ತೆ ಗುಡಿ ಕಟ್ಟಿದರು. ಅದೇ ಇಂದಿನ ‘ಪುರ ಉಲುನ್ ದಾನು ಬಾತುರ್’.

ವರ್ಷಕ್ಕೊಮ್ಮೆ ಅಲ್ಲಿ ಜಾತ್ರೆ. ಸುಬಾಕ್‌ಗಳವರು ಅಕ್ಕಿ, ತೆಂಗಿನಕಾಯಿ, ಬಾತುಕೋಳಿಗಳನ್ನು ಹೊತ್ತು ತಂದು ಒಪ್ಪಿಸಿ, ಬಿದಿರಿನ ಅಂಡೆಗಳಲ್ಲಿ ತೀರ್ಥ ತುಂಬಿಕೊಂಡು ಇಳಿಯುತ್ತಾರೆ. ಆ ತೀರ್ಥ ಕೆಳಗಿನ ಗುಡಿಗೆ, ಅಲ್ಲಿಂದ ಇನ್ನೂ ಕೆಳಗಿನ ಗುಡಿಗೆ, ಕೊನೆಗೆ ಗದ್ದೆಯ ಮೂಲೆಗೆ. ನೀರು ಹರಿಯುವ ದಾರಿಯೇ ತೀರ್ಥದ ದಾರಿ. ಗುಡಿಗಳಲ್ಲಿ ರೈತರು ಸಭೆ ಸೇರಿದಾಗ ಈ ಬಾರಿ ಯಾರು ಯಾವಾಗ ನಾಟಿ ಮಾಡಬೇಕು, ಯಾರ ಗದ್ದೆ ಎಂದು ಖಾಲಿ ಬೀಳಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ. ಹೊಸ ಬುಗ್ಗೆ ಸಿಕ್ಕಿದರೆ, ಹೊಸ ಕಾಲುವೆ ತೆಗೆಯಬೇಕಾದರೆ ಬಾತುರ್ ದೇವಸ್ಥಾನದ ಹಿರಿಯ ಪೂಜಾರಿ ‘ಜೇರೊ ಗದೇ’ಯ ಅಪ್ಪಣೆ ಕೇಳುತ್ತಾರೆ. ಅವರ ಹಿಂದೆ ಪೊಲೀಸರಿಲ್ಲ, ಸರ್ಕಾರವಿಲ್ಲ. ದೇವಿಯ ಮಾತು ಮೀರಿದರೆ ನೀರು ನಿಂತೀತು ಎಂಬ ಅಂಜಿಕೆ ಇದೆ, ಅಷ್ಟೆ.

ಈ ತೀರ್ಮಾನಗಳಿಗೆಲ್ಲ ಆಧಾರ ಪಂಚಾಂಗ. ಬಾಲಿಯವರು ಒಂದಲ್ಲ, ಎರಡು ಪಂಚಾಂಗ ನೋಡುತ್ತಾರೆ. ಒಂದು ನಮ್ಮಂತೆಯೇ ಶಕ ವರ್ಷದ್ದು. 2025ರ ಮಾರ್ಚ್ 29ರಂದು ಅವರಿಗೆ ಶಕ 1947 ಆರಂಭವಾಯಿತು; ಮರುದಿನ ನಾವು ಯುಗಾದಿ ಮಾಡಿ ಅದೇ 1947ಕ್ಕೆ ಕಾಲಿಟ್ಟೆವು. (ಅಧಿಕ ಮಾಸದ ಲೆಕ್ಕ ಬೇರೆಯಾದ್ದರಿಂದ ಪ್ರತಿ ವರ್ಷ ಇಷ್ಟು ಹತ್ತಿರ ಬರುವುದಿಲ್ಲ.) ನಮ್ಮದು ಹೋಳಿಗೆಯ ಹಬ್ಬ, ಅವರದು ಮೌನದ ಹಬ್ಬ. ‘ನ್ಯೆಪಿ’ ಎಂಬ ಆ ದಿನ ಒಲೆ ಹಚ್ಚುವಂತಿಲ್ಲ, ಮನೆ ಬಿಡುವಂತಿಲ್ಲ; ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಇನ್ನೊಂದು ಪಂಚಾಂಗ ‘ಪಾವುಕೋನ್’. ಅದರ ಒಂದು ಸುತ್ತಿಗೆ 210 ದಿನ. ಅದರಲ್ಲಿ ಮೂರು ದಿನದ ವಾರ, ಐದು ದಿನದ ವಾರ, ಏಳು ದಿನದ ವಾರ, ಹೀಗೆ ಒಂದರಿಂದ ಹತ್ತರವರೆಗಿನ ವಾರಗಳೆಲ್ಲ ಒಟ್ಟಿಗೆ ಉರುಳುತ್ತವೆ. ಬೇರೆ ಬೇರೆ ಅಳತೆಯ ಹಲ್ಲಿನ ಚಕ್ರಗಳನ್ನು ಒಂದೇ ಗಡಿಯಾರದಲ್ಲಿ ಕೂರಿಸಿದಂತೆ. ಬೇರೆ ಬೇರೆ ಹೊತ್ತಿಗೆ ನೀರು ಬೇಕಾದ ಬೇರೆ ಬೇರೆ ಊರುಗಳ ಸರದಿ ನೆನಪಿಡಲು ಇಂಥ ಪಂಚಾಂಗ ಬಲು ಅನುಕೂಲ.

ಈಗ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಕಾಲುವೆಯ ಮೇಲ್ಗಡೆ ವಾಯಾನ್ ಎಂಬುವನ ಗದ್ದೆ, ಕೆಳಗಡೆ ಕೆತುತ್ ಎಂಬುವನ ಗದ್ದೆ. (ಹೆಸರು ಹುಡುಕಲು ನಾನು ಕಷ್ಟಪಡಲಿಲ್ಲ. ಬಾಲಿಯ ಸಾಮಾನ್ಯರ ಮನೆಗಳಲ್ಲಿ ಗಂಡಾಗಲಿ ಹೆಣ್ಣಾಗಲಿ ಮೊದಲ ಮಗು ವಾಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಾಯಾನ್!) ನಾಟಿಯ ಸಮಯಕ್ಕೆ ಇಬ್ಬರಿಗೂ ಸಾಕಾಗುವಷ್ಟು ನೀರಿಲ್ಲ. ನೀರು ಮೊದಲು ಬರುವುದು ವಾಯಾನ್‌ಗೆ. ಅವನು ತನಗೆ ಬೇಕಾದಷ್ಟನ್ನೂ ಹಿಡಿದುಕೊಂಡರೆ ಕೇಳುವವರಿಲ್ಲ. ಹಾಗಿದ್ದ ಮೇಲೆ ಅವನು ಕೆತುತ್‌ಗೆ ನೀರು ಯಾಕೆ ಬಿಡಬೇಕು? ಕಾಲುವೆಯ ಕೊನೆಯಲ್ಲಿ ಜಮೀನಿರುವ ಯಾವ ರೈತನನ್ನಾದರೂ ಕೇಳಿ ನೋಡಿ, ‘ಯಾರೂ ಬಿಡುವುದಿಲ್ಲ ಸ್ವಾಮಿ’ ಎನ್ನುತ್ತಾನೆ.

ಉತ್ತರ ನೀರಿನಲ್ಲಿಲ್ಲ, ಹುಳದಲ್ಲಿದೆ. ವಾಯಾನ್ ಎಲ್ಲ ನೀರನ್ನೂ ಹಿಡಿದುಕೊಂಡು ನಾಟಿ ಮಾಡಿದ ಎನ್ನಿ. ಕೆತುತ್ ತಿಂಗಳು ಕಾದು, ವಾಯಾನ್‌ಗೆ ನೀರು ಸಾಕಾದ ಮೇಲೆ ತನ್ನ ನಾಟಿ ಮಾಡುತ್ತಾನೆ. ವಾಯಾನ್‌ನ ಕೊಯ್ಲು ಮುಗಿಯುವಾಗ ಕೆತುತ್‌ನ ಪೈರು ಹಸಿರಾಗಿರುತ್ತದೆ. ಜಿಗಿಹುಳುಗಳು, ಇಲಿಗಳು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹಾರುತ್ತವೆ. ಅಲ್ಲಿ ಕೊಯ್ಲಾಗುವ ಹೊತ್ತಿಗೆ ಮೇಲ್ಗಡೆ ಮತ್ತೆ ಹೊಸ ಸಸಿ! ಹುಳಕ್ಕೆ ವರ್ಷವಿಡೀ ಊಟ. ಇಬ್ಬರೂ ಒಂದೇ ಕಾಲಕ್ಕೆ ನಾಟಿ ಮಾಡಿ, ಒಂದೇ ಕಾಲಕ್ಕೆ ಕೊಯ್ದು, ಗದ್ದೆಗಳನ್ನೆಲ್ಲ ಒಟ್ಟಿಗೆ ಖಾಲಿ ಬಿಟ್ಟರೆ ಹುಳಕ್ಕೆ ಕೂಳಿಲ್ಲ, ನೆಲೆಯಿಲ್ಲ. ಆ ದಿನಗಳಲ್ಲಿ ಬಾಲಿಯವರು ಗದ್ದೆಗೆ ನೀರು ತುಂಬಿ ಬಾತುಕೋಳಿಗಳ ಹಿಂಡು ಬಿಡುತ್ತಾರೆ. ಉದುರಿದ ಕಾಳು, ಉಳಿದ ಹುಳ ಎರಡೂ ಅವುಗಳ ಹೊಟ್ಟೆಗೆ. ಅಂದರೆ ವಾಯಾನ್ ಕೆತುತ್‌ಗೆ ನೀರು ಬಿಡುವುದು ಬರೀ ಧರ್ಮಕ್ಕಲ್ಲ, ತನ್ನ ಬೆಳೆ ಉಳಿಸಿಕೊಳ್ಳಲಿಕ್ಕೂ ಹೌದು.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಇಡೀ ಹೊಳೆಯ ರೈತರೆಲ್ಲ ಒಂದೇ ದಿನ ನಾಟಿಗೆ ಇಳಿದರೆ ಹುಳವೇನೋ ಸಾಯುತ್ತದೆ, ನೀರು ಸಾಲದೆ ಪೈರೂ ಸಾಯುತ್ತದೆ. ಒಬ್ಬೊಬ್ಬರೂ ತಮ್ಮಿಷ್ಟದಂತೆ ನಾಟಿ ಮಾಡಿದರೆ ನೀರು ಸಾಲುತ್ತದೆ, ಹುಳ ಗೆಲ್ಲುತ್ತದೆ. ಎಷ್ಟು ಊರುಗಳು ಒಟ್ಟಿಗೆ ನಾಟಿ ಮಾಡಬೇಕು, ಎಷ್ಟು ಊರುಗಳು ಕಾಯಬೇಕು? ಈ ಎರಡರ ನಡುವಿನ ಹದ ಹಿಡಿಯುವುದೇ ಗುಡಿಗಳ ಸಭೆಯ ಕೆಲಸವಾಗಿತ್ತು. ಆದರೆ ಯಾರೂ ಅದನ್ನು ಹಾಗೆಂದು ಬರೆದಿಟ್ಟಿರಲಿಲ್ಲ.

ಬರೆದಿಡದಿದ್ದುದೇ ತೊಂದರೆಯಾಯಿತು. 1960ರ ದಶಕದ ಕೊನೆಗೆ ಹಸಿರು ಕ್ರಾಂತಿ ಇಂಡೊನೇಷ್ಯಕ್ಕೂ ಬಂತು. ನಮ್ಮ ರೈತರೂ ಬಲ್ಲ ಐಆರ್-8 ಮತ್ತು ಅದರ ತಮ್ಮಂದಿರು ಬಂದರು. ಹಳೆಯ ತಳಿಗಳಿಗಿಂತ ಬೇಗ ಬೆಳೆಯುತ್ತವೆ, ಹೆಚ್ಚು ಕೊಡುತ್ತವೆ, ಗೊಬ್ಬರ ಹೆಚ್ಚು ಬೇಡುತ್ತವೆ. ಬೀಜ, ಗೊಬ್ಬರ, ಕೀಟನಾಶಕಗಳನ್ನು ಒಂದೇ ಗಂಟಾಗಿ ಸಾಲದ ಮೇಲೆ ಕೊಟ್ಟರು. ಗುಡಿಯ ಸರದಿ ಕಾಯುತ್ತ ಕೂರಬೇಡಿ, ಆದಷ್ಟು ಬೇಗ ಬೇಗ ವರ್ಷಕ್ಕೆ ಎರಡೋ ಮೂರೋ ಬೆಳೆ ತೆಗೆಯಿರಿ ಎಂದರು. ಅಧಿಕಾರಿಗಳ ಕಣ್ಣಿಗೆ ದೇವಿ ದಾನುವಿನ ಪೂಜೆ ಬೇರೆ, ನೀರಾವರಿ ಬೇರೆ. ಅವರು ಕೆಟ್ಟವರೇನಲ್ಲ. ದೇಶದಲ್ಲಿ ಹಸಿವಿತ್ತು, ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಗಿತ್ತು. ಹೊಸ ತಳಿಗಳು ಬೆಳೆಯನ್ನು ಹೆಚ್ಚಿಸಿದ್ದೂ ನಿಜ. 1980ರ ದಶಕದ ನಡುವಿಗೆ ಇಂಡೊನೇಷ್ಯ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು.

ಬಾಲಿಯಲ್ಲಿ ಮೊದಲು ಕೆಲವು ಫಸಲು ಚೆನ್ನಾಗಿಯೇ ಬಂತು. ಆಮೇಲೆ ಸರದಿ ಕೆಟ್ಟಿತು. ಒಂದೇ ಬಯಲಿನಲ್ಲಿ ಒಂದು ಕಡೆ ಸಸಿಮಡಿ, ಒಂದು ಕಡೆ ತೆನೆ, ಒಂದು ಕಡೆ ಕೊಯ್ಲು. ಕೆಲವು ಕಡೆ ನೀರಿಗೆ ಹಾಹಾಕಾರ. 1970ರ ದಶಕದ ನಡುವಿನಿಂದ ಕಂದು ಜಿಗಿಹುಳು ದಂಡೆತ್ತಿ ಬಂತು. ಅದಕ್ಕೆ ಬಗ್ಗದ ಐಆರ್-36 ತಳಿ ತಂದರೆ ಅದಕ್ಕೆ ಟುಂಗ್ರೋ ರೋಗ ಹತ್ತಿತು. ಅದನ್ನು ತಡೆಯುವ ಇನ್ನೊಂದು ತಳಿ ತಂದರೆ ಅದಕ್ಕೆ ಮತ್ತೊಂದು ರೋಗ. ಔಷಧ ಹೊಡೆದರೆ ಹುಳ ತಿನ್ನುವ ಜೇಡ, ಮೀನು, ಕಪ್ಪೆಗಳು ಸತ್ತವು. ಹುಳ ಮತ್ತೆ ಎದ್ದಿತು. ರೈತರು, ನಮಗೆ ಗುಡಿಯ ಸರದಿಯನ್ನೇ ಮರಳಿ ಕೊಡಿ ಎಂದು ಕೇಳತೊಡಗಿದರು. ತಜ್ಞರಿಗೆ ಅದು ಹಳ್ಳಿಗರ ಮೌಢ್ಯವಾಗಿ ಕಂಡಿತು.

ಈ ಹೊತ್ತಿಗೆ ಬಾಲಿಯಲ್ಲಿ ಗುಡಿಗಳ ಅಧ್ಯಯನ ನಡೆಸುತ್ತಿದ್ದವರು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್. ರೈತರ ಮಾತಿನಲ್ಲಿ ಹುರುಳಿದೆ ಎಂದು ಅವರಿಗೆ ಅನ್ನಿಸಿತು. ಅನ್ನಿಸಿದರೆ ಸಾಲದು, ತೋರಿಸಬೇಕು. ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿಯ ಜೊತೆ ಸೇರಿ, ಎರಡು ಹೊಳೆಗಳ ನಡುವಿನ 172 ಸುಬಾಕ್‌ಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿದರು. ಮಳೆ ಎಷ್ಟು, ಹೊಳೆಯಲ್ಲಿ ನೀರೆಷ್ಟು, ಪೈರು ಹೇಗೆ ಬೆಳೆಯುತ್ತದೆ, ಹುಳ ಹೇಗೆ ಹಬ್ಬುತ್ತದೆ ಎಂಬ ಲೆಕ್ಕವನ್ನೆಲ್ಲ ಉಣಿಸಿದರು. ಆಮೇಲೆ ಪರೀಕ್ಷೆ. ಪ್ರತಿ ಸುಬಾಕ್ ತನ್ನ ಪಾಡಿಗೆ ನಾಟಿ ಮಾಡಿದರೆ? ಹುಳದಿಂದ ನಷ್ಟ. ಎಲ್ಲ 172 ಒಟ್ಟಿಗೆ ಮಾಡಿದರೆ? ನೀರಿಲ್ಲದೆ ನಷ್ಟ. ಗುಡಿಗಳು ಗುಂಪು ಮಾಡಿದ್ದಂತೆಯೇ ಗುಂಪು ಗುಂಪಾಗಿ ಮಾಡಿದರೆ? ಫಸಲು ಎಲ್ಲಕ್ಕಿಂತ ಮೇಲು.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸೋಜಿಗದ್ದು. ಕಂಪ್ಯೂಟರಿನಲ್ಲಿ ಗುಡಿಗಳನ್ನೆಲ್ಲ ಅಳಿಸಿಹಾಕಿ, ಪ್ರತಿ ಸುಬಾಕ್‌ಗೆ ಮನಬಂದ ವೇಳಾಪಟ್ಟಿ ಕೊಟ್ಟರು. ಒಂದೇ ಒಂದು ನಿಯಮ: ಫಸಲು ಬಂದ ಮೇಲೆ ಅಕ್ಕಪಕ್ಕ ನೋಡಿ, ನಿಮಗಿಂತ ಚೆನ್ನಾಗಿ ಬೆಳೆದವರಿದ್ದರೆ ಮುಂದಿನ ಬಾರಿ ಅವರಂತೆ ಮಾಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಕೆಲವು ವರ್ಷ ಕಳೆಯುವುದರೊಳಗೆ ಸುಬಾಕ್‌ಗಳು ತಾವಾಗಿಯೇ ಗುಂಪುಗೂಡಿದವು. ಆ ಗುಂಪುಗಳು ನಿಜವಾದ ಗುಡಿಗಳ ಗುಂಪುಗಳನ್ನೇ ಬಹಳ ಮಟ್ಟಿಗೆ ಹೋಲುತ್ತಿದ್ದವು. ಈ ಕೆಲಸದ ವಿವರ ಲ್ಯಾನ್ಸಿಂಗ್ ಅವರ 1991ರ ಪುಸ್ತಕದಲ್ಲೂ ಇಬ್ಬರೂ ಸೇರಿ 1993ರಲ್ಲಿ ಬರೆದ ಪ್ರಬಂಧದಲ್ಲೂ ಇದೆ. ಅಷ್ಟರಲ್ಲಿ ಸರ್ಕಾರದ ಧೋರಣೆಯೂ ಬದಲಾಗಿತ್ತು. 1986ರಲ್ಲಿ ಇಂಡೊನೇಷ್ಯ ಭತ್ತಕ್ಕೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಬಾಲಿಯಲ್ಲಿ ಗುಡಿಗಳ ಸರದಿಗೆ ಮತ್ತೆ ಬೆಲೆ ಬಂತು; ರೈತರು ಹೊಸ ತಳಿಗಳನ್ನೇ ಹಳೆಯ ಸರದಿಯಲ್ಲಿ ಬೆಳೆಯತೊಡಗಿದರು.

ಇಲ್ಲಿ ಎರಡು ತಪ್ಪು ಪಾಠ ಕಲಿಯುವ ಅಪಾಯವಿದೆ. ‘ನೋಡಿದಿರಾ, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂದು ತಂದೆತಾಯಿಗಳು ಹೇಳಬಹುದು. ಎಲ್ಲ ಗೊತ್ತಿತ್ತು ಎಂದು ಈ ಕಥೆ ಹೇಳುವುದಿಲ್ಲ. ಯಾವ ಋಷಿಯೂ ಕೂತು ಈ ವ್ಯವಸ್ಥೆಯನ್ನು ರಚಿಸಬೇಕಾಗಿರಲಿಲ್ಲ ಎಂಬುದನ್ನು ಆ ಎರಡನೆಯ ಪರೀಕ್ಷೆಯೇ ತೋರಿಸಿತು. ಹತ್ತಾರು ತಲೆಮಾರಿನ ಸಾಮಾನ್ಯ ರೈತರು ತಪ್ಪಿ, ತಿದ್ದಿ, ಪಕ್ಕದವನನ್ನು ನೋಡಿ ಕಲಿತದ್ದು ಪೂಜೆಯ ರೂಪದಲ್ಲಿ ನಿಂತಿತು. ಕೆಲಸಕ್ಕೆ ಬಾರದ ಹಳೆಯ ಪದ್ಧತಿಗಳೂ, ಅನ್ಯಾಯದ ಹಳೆಯ ಪದ್ಧತಿಗಳೂ ಬೇಕಾದಷ್ಟಿವೆ. ಅವಕ್ಕೆಲ್ಲ ಬಾಲಿಯ ಹೆಸರಿನಲ್ಲಿ ವಿಜ್ಞಾನದ ಮುದ್ರೆ ಒತ್ತಲಾಗದು. ಇತ್ತ ವಿದ್ಯಾರ್ಥಿಗಳು ‘ಇದೆಲ್ಲ ಮೂಢನಂಬಿಕೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ತಜ್ಞರು ಮಾಡಿದ ತಪ್ಪು ಅದೇ. ‘ಇದು ನಿಜವೇ?’ ಎಂದು ಕೇಳಿ, ಅಲ್ಲ ಎಂದು ಉತ್ತರಿಸಿಕೊಂಡು ಮುಂದೆ ಹೋದರು. ‘ಇದು ಇಲ್ಲಿ ಏನು ಕೆಲಸ ಮಾಡುತ್ತಿದೆ?’ ಎಂಬ ಎರಡನೆಯ ಪ್ರಶ್ನೆ ಕೇಳಲಿಲ್ಲ. ಅದನ್ನು ಕೇಳಿ, ಅಳೆದು, ಪರೀಕ್ಷಿಸಿ ನೋಡಿದ್ದೂ ವಿಜ್ಞಾನವೇ ಎಂಬುದನ್ನು ಮರೆಯಬಾರದು.

2012ರಲ್ಲಿ ಯುನೆಸ್ಕೊ, ಬಾತುರ್ ಸರೋವರ, ಅದರ ದೇವಸ್ಥಾನ ಮತ್ತು ಜತಿಲುವಿಹ್ ಮೊದಲಾದ ಊರುಗಳ ಗದ್ದೆಗಳನ್ನು ಒಳಗೊಂಡ ಸುಮಾರು 19,500 ಹೆಕ್ಟೇರ್ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಲಿಯವರು ಇದರ ಹಿಂದಿನ ತತ್ತ್ವಕ್ಕೆ ‘ತ್ರಿ ಹಿತ ಕರಣ’ ಎನ್ನುತ್ತಾರೆ: ದೇವರೊಡನೆ, ಜನರೊಡನೆ, ನಿಸರ್ಗದೊಡನೆ ಹೊಂದಿ ಬಾಳುವ ಮೂರು ಹಿತಗಳು. ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರು ಹೆಚ್ಚಿದರು. ಬಂದವರು ಉಳಿಯಲು ಹೋಟೆಲು ಬೇಕು, ಹೋಟೆಲಿಗೆ ಜಾಗ ಬೇಕು, ನೀರು ಬೇಕು. ಗದ್ದೆಯ ಬೆಲೆ ಏರಿದಾಗ ಬೆಳೆಯುವುದಕ್ಕಿಂತ ಮಾರುವುದೇ ಲಾಭವಾಗಿ ಕಾಣುತ್ತದೆ. ಮಕ್ಕಳು ಕೆಸರಿಗಿಂತ ಹೋಟೆಲಿನ ಕೆಲಸವನ್ನು ಮೆಚ್ಚುತ್ತಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಮೆಟ್ಟಿಲು ಗದ್ದೆಗಳ ಲೆಕ್ಕ ಬೇರೆ. ನಡುವಿನ ಒಂದು ಗದ್ದೆಯಲ್ಲಿ ಕಟ್ಟಡ ಎದ್ದರೆ ಅದರ ಕೆಳಗಿನ ಗದ್ದೆಗಳ ಕಾಲುವೆಯೂ ಕಡಿಯಬಹುದು. ಮೇಲಿನ ವಾಯಾನ್ ಗದ್ದೆ ಮಾರಿದರೆ ಕೆಳಗಿನ ಕೆತುತ್ ಯಾರೊಡನೆ ಸೇರಿ ನಾಟಿ ಮಾಡಬೇಕು? ಜಿಗಿಹುಳು ಮಾಡಲಾಗದ್ದನ್ನು ಸಿಮೆಂಟು ಮಾಡೀತು ಎಂಬ ಭಯ ಬಾಲಿಯ ರೈತರಿಗೆ ಇದೆ.

ಕೊನೆಯದಾಗಿ, ಮಕ್ಕಳು ಮೆಚ್ಚುವ ಒಂದು ಸಂಗತಿ. ಪಾವುಕೋನ್ ಪಂಚಾಂಗದ 210ನೆಯ ದಿನ, ಅಂದರೆ ಸುತ್ತು ಮುಗಿಯುವ ಶನಿವಾರ, ಬಾಲಿಯಲ್ಲಿ ಸರಸ್ವತಿ ಹಬ್ಬ. ನವರಾತ್ರಿಯಲ್ಲಿ ನಾವು ಮಾಡುವಂತೆಯೇ ಅಂದು ಪುಸ್ತಕಗಳನ್ನು, ಹಳೆಯ ತಾಳೆಗರಿಗಳನ್ನು ಪೂಜೆಗಿಡುತ್ತಾರೆ; ಪೂಜೆ ಮುಗಿಯುವವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಮರುದಿನದ ಭಾನುವಾರ ಹೊಸ ಸುತ್ತಿನ ಮೊದಲ ದಿನ. ಅಂದು ನಸುಕಿನಲ್ಲೇ ವಿದ್ಯಾರ್ಥಿಗಳೂ ಹಿರಿಯರೂ ಸಮುದ್ರಕ್ಕೋ ಬುಗ್ಗೆಗೋ ಹೋಗಿ ತಲೆ ನೆನೆಯುವಂತೆ ಮೀಯುತ್ತಾರೆ. ಆ ದಿನದ ಹೆಸರು ‘ಬಾನ್ಯು ಪಿನಾರುಹ್’. ಬಾನ್ಯು ಎಂದರೆ ನೀರು, ಪಿನಾರುಹ್ ಎಂದರೆ ತಿಳಿವು. ಹಬ್ಬ ಮುಗಿಸಿ ಮನೆಗೆ ಬಂದ ಮೇಲೆ ಪುಸ್ತಕಗಳನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ, ಗದ್ದೆಯವರು ಗದ್ದೆಗೆ ಹೋಗುತ್ತಾರೆ.